ಲೈಬ್ರರಿಗೇ ಒಂದು ಇ-ಮೇಲ್ ವಿಳಾಸ: ಒಂಟಿ ಶೇರ್‌ಪಾಯಿಂಟ್ ಸರ್ವರಿನ ಒಂದು ಪ್ರಕರಣ

ಮಧ್ಯಮ ಗಾತ್ರದ ಒಂದು ಕಚೇರಿ. ತಪಾಸಣೆಗೆಂದು ಹೊರಗೆ ಹೋಗುವ ಸಿಬ್ಬಂದಿ ತಮ್ಮ ವರದಿಗಳನ್ನು ಇ-ಮೇಲ್‌ನಲ್ಲಿ ಕಳುಹಿಸುತ್ತಿದ್ದರು. ಕಚೇರಿಯ ಗುಮಾಸ್ತೆಯೊಬ್ಬರು ಆ ಮೇಲ್‌ಗಳನ್ನು ಒಂದೊಂದಾಗಿ ತೆರೆದು, ಲಗತ್ತುಗಳನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ಹೆಸರು ಸರಿಪಡಿಸಿ, ಶೇರ್‌ಪಾಯಿಂಟ್ ಲೈಬ್ರರಿಗೆ ಏರಿಸುತ್ತಿದ್ದರು. ಶೇರ್‌ಪಾಯಿಂಟ್ ಎಂದರೆ ಕಚೇರಿಯ ದಾಖಲೆಗಳನ್ನು ಬ್ರೌಸರಿನ ಮೂಲಕ ಹಂಚಿಕೊಳ್ಳುವ ಮೈಕ್ರೋಸಾಫ್ಟ್‌ನ ತಂತ್ರಾಂಶ; ಲೈಬ್ರರಿ ಎಂದರೆ ಅದರೊಳಗೆ ಕಡತಗಳನ್ನು ಇಡುವ ಜಾಗ. ಅವರು ರಜೆ ಹಾಕಿದ ದಿನ ವರದಿಗಳಿಗೂ ರಜೆ. ಹೀಗಿರುವಾಗ ಲೈಬ್ರರಿಗೇ ಒಂದು ಇ-ಮೇಲ್ ವಿಳಾಸ ಕೊಟ್ಟುಬಿಟ್ಟರೆ ಆಗದೇ ಎಂಬ ಪ್ರಶ್ನೆ ಎದ್ದಿತು. ಆಗುತ್ತದೆ. ಶೇರ್‌ಪಾಯಿಂಟ್‌ನಲ್ಲಿ ಒಳಬರುವ ಇ-ಮೇಲ್ ಎಂಬ ಸೌಲಭ್ಯ ಇರುವುದೇ ಅದಕ್ಕಾಗಿ.

ಸರ್ವರ್ ಒಂಟಿ. ವಿಂಡೋಸ್ ಸರ್ವರ್ 2008 ಆರ್2 ಮೇಲೆ ಶೇರ್‌ಪಾಯಿಂಟ್ ಫೌಂಡೇಶನ್ 2010 ಅನ್ನು ಸ್ಟ್ಯಾಂಡ್‌ಅಲೋನ್ ವಿಧಾನದಲ್ಲಿ ಸ್ಥಾಪಿಸಲಾಗಿತ್ತು. ವೆಬ್ ಭಾಗ, ಹಿನ್ನೆಲೆ ಕೆಲಸಗಳನ್ನು ನಿಗದಿತ ಹೊತ್ತಿಗೆ ಮಾಡುವ ಟೈಮರ್, ದತ್ತಸಂಚಯ (ಡೇಟಾಬೇಸ್) ಎಲ್ಲವೂ ಒಂದೇ ಯಂತ್ರದಲ್ಲಿ. ದತ್ತಸಂಚಯವೆಂದರೆ ಆ ಸ್ಥಾಪನೆಯ ಜೊತೆಗೆ ತಾನಾಗಿಯೇ ಬರುವ ಎಸ್‌ಕ್ಯೂಎಲ್ ಸರ್ವರ್ 2008 ಎಕ್ಸ್‌ಪ್ರೆಸ್. ಉಚಿತವಾದರೂ ಒಂದು ದತ್ತಸಂಚಯ 4 ಜಿಬಿ ಮೀರುವಂತಿಲ್ಲ. ಈ ಅಂಕಿ ಮುಂದೆ ಕೆಲಸಕ್ಕೆ ಬರುತ್ತದೆ. ಇಡೀ ಕಚೇರಿಯ ಖಾತೆಗಳನ್ನು ಒಂದೆಡೆ ಇಡುವ ಆಕ್ಟಿವ್ ಡೈರೆಕ್ಟರಿ ಇರಲಿಲ್ಲ. ಬಳಕೆದಾರರೆಲ್ಲ ಆ ಯಂತ್ರದಲ್ಲೇ ಸೃಷ್ಟಿಸಿದ ಸ್ಥಳೀಯ ಖಾತೆಗಳು. ಕಚೇರಿಯ ಮೇಲ್ ಮಾತ್ರ ಹೊರಗಿನ ಒಂದು ಹೋಸ್ಟಿಂಗ್ ಸಂಸ್ಥೆಯಲ್ಲಿತ್ತು.

ಶೇರ್‌ಪಾಯಿಂಟ್ 2010ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2021ರ ಏಪ್ರಿಲ್‌ನಲ್ಲೇ ಮುಗಿದಿದೆ. ಈ ಪ್ರಕರಣ ಅದಕ್ಕಿಂತ ಹಿಂದಿನದು. ಆದರೂ ಬರೆಯುವುದಕ್ಕೆ ಕಾರಣವಿದೆ. ಒಳಬರುವ ಮೇಲ್‌ನ ಒಳರಚನೆ 2007ರ ಆವೃತ್ತಿಯಿಂದ 2019ರ ಆವೃತ್ತಿಯವರೆಗೆ ಹೆಚ್ಚುಕಡಿಮೆ ಒಂದೇ. ಆವೃತ್ತಿ ಬದಲಾದರೂ ಜನ ಎಡವುವ ಕಲ್ಲುಗಳು ಅವೇ.

ಮೇಲ್‌ಬಾಕ್ಸ್ ಎಲ್ಲಿ?

ಕಚೇರಿಯ ಆಡಳಿತಗಾರರು ಮೊದಲು ಮಾಡಿದ ಕೆಲಸ ಸಹಜವಾದದ್ದೇ. ಹೋಸ್ಟಿಂಗ್ ಸಂಸ್ಥೆಯಲ್ಲಿ ಹೊಸದೊಂದು ಮೇಲ್‌ಬಾಕ್ಸ್ ತೆರೆದರು, ಪಾಸ್‌ವರ್ಡ್ ಇಟ್ಟರು, ಆಮೇಲೆ ಆ ಪಾಸ್‌ವರ್ಡನ್ನು ಶೇರ್‌ಪಾಯಿಂಟ್‌ನ ಆಡಳಿತ ತಾಣವಾದ ಸೆಂಟ್ರಲ್ ಅಡ್ಮಿನಿಸ್ಟ್ರೇಶನ್‌ನಲ್ಲಿ ಎಲ್ಲಿ ತುಂಬಬೇಕೆಂದು ಹುಡುಕಿದರು. ಅಂಥ ಜಾಗವೇ ಇಲ್ಲ. ಶೇರ್‌ಪಾಯಿಂಟ್ ಯಾವ ಮೇಲ್‌ಬಾಕ್ಸಿಗೂ ಲಾಗಿನ್ ಆಗುವುದಿಲ್ಲ. ಮೇಲ್‌ಬಾಕ್ಸಿನಿಂದ ಮೇಲ್ ತರುವ ಪಾಪ್ ವಿಧಾನ ಗೊತ್ತಿಲ್ಲ, ಐಮ್ಯಾಪ್ ವಿಧಾನವೂ ಗೊತ್ತಿಲ್ಲ. ಅಷ್ಟೇಕೆ, ಮೇಲ್ ಸರ್ವರ್‌ಗಳು ಬಂದು ತಟ್ಟುವ 25ನೇ ಪೋರ್ಟಿನಲ್ಲಿ ಮೇಲ್ ಸ್ವೀಕರಿಸುವುದೂ ಅದಲ್ಲ.

ನಡೆಯುವುದು ಇಷ್ಟು. ಮೇಲ್ ಕಳುಹಿಸುವ, ಸ್ವೀಕರಿಸುವ ವಿಂಡೋಸ್‌ನದೇ ಒಂದು ಪುಟ್ಟ ಎಸ್‌ಎಂಟಿಪಿ ಸರ್ವಿಸ್ ಇದೆ. ವಿಂಡೋಸ್‌ನ ವೆಬ್ ಸರ್ವರ್ ಆದ ಐಐಎಸ್‌ನ 6ನೇ ಆವೃತ್ತಿಯ ಕಾಲದ್ದು; ಐಐಎಸ್ 7 ಬಂದ ಮೇಲೂ ಇದನ್ನು ನೋಡಿಕೊಳ್ಳಲು ಹಳೆಯ ಐಐಎಸ್ 6.0 ಮ್ಯಾನೇಜರನ್ನೇ ತೆರೆಯಬೇಕು. ಹೊರಗಿನಿಂದ ಬಂದ ಮೇಲನ್ನು ಅದು ಒಂದು ಇಎಂಎಲ್ ಕಡತವಾಗಿ ಡ್ರಾಪ್ ಎಂಬ ಫೋಲ್ಡರಿನಲ್ಲಿ ಹಾಕುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಶೇರ್‌ಪಾಯಿಂಟ್‌ನ ಟೈಮರ್ ಸರ್ವಿಸ್ ನಿಮಿಷಕ್ಕೊಮ್ಮೆ ಆ ಫೋಲ್ಡರಿನಲ್ಲಿ ಇಣುಕುತ್ತದೆ. ಕಡತ ಕಂಡರೆ ಓದುತ್ತದೆ, ವಿಳಾಸದ ಎಡಭಾಗವನ್ನು, ಅಂದರೆ ಅಲಿಯಾಸನ್ನು, ತನ್ನ ಕಾನ್ಫಿಗರೇಶನ್ ದತ್ತಸಂಚಯದಲ್ಲಿರುವ ಪಟ್ಟಿಯ ಜೊತೆ ಹೋಲಿಸಿ ಯಾವ ಲೈಬ್ರರಿಗೆ ಸೇರಬೇಕೆಂದು ತಿಳಿದುಕೊಳ್ಳುತ್ತದೆ, ಅಲ್ಲಿ ಸೇರಿಸುತ್ತದೆ, ಕೊನೆಗೆ ಕಡತವನ್ನು ಅಳಿಸುತ್ತದೆ.

ಇವೆರಡು ಸರ್ವಿಸ್‌ಗಳ ನಡುವೆ ಮಾತುಕತೆ ಇಲ್ಲವೆಂಬುದೇ ಇಡೀ ಪ್ರಕರಣದ ತಿರುಳು. ಒಂದಕ್ಕೆ ಇನ್ನೊಂದು ಇದೆಯೆಂದೂ ತಿಳಿಯದು. ನಡುವೆ ಇರುವುದು ಒಂದು ಫೋಲ್ಡರ್ ಮಾತ್ರ. ಆದ್ದರಿಂದ ಏನು ಕೆಟ್ಟರೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಕ್ಷಣದಲ್ಲಿ ಆ ಕಡತ ಎಲ್ಲಿದೆ? ಯಂತ್ರದ ಹೊರಗಿದೆಯೇ, ಡ್ರಾಪ್‌ನಲ್ಲಿದೆಯೇ, ಲೈಬ್ರರಿಯಲ್ಲಿದೆಯೇ, ಇಲ್ಲವೇ ಎಲ್ಲೂ ಇಲ್ಲವೇ? ಕಡೆಯ ಉತ್ತರವೇ ಹೆಚ್ಚು ಕಾಡುವಂಥದ್ದು.

ಹೆಸರು, ಪೋರ್ಟ್, ಡೊಮೇನ್

ಕಚೇರಿಯ ಮುಖ್ಯ ಡೊಮೇನಿನ ಮೇಲ್‌ಗಳು ಹೋಸ್ಟಿಂಗ್ ಸಂಸ್ಥೆಗೇ ಹೋಗಬೇಕು, ಅದನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ದಾಖಲೆಗಳಿಗೆಂದೇ ಒಂದು ಉಪಡೊಮೇನ್ ಮಾಡಿ, ಅದರ ಮೇಲ್‌ಗಳು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡನ್ನು ಈ ಸರ್ವರಿನ ಹೆಸರಿನ ಕಡೆಗೆ ತಿರುಗಿಸಲಾಯಿತು. ಎಂಎಕ್ಸ್ ರೆಕಾರ್ಡಿನಲ್ಲಿ ಐಪಿ ವಿಳಾಸವನ್ನು ನೇರವಾಗಿ ಬರೆಯುವಂತಿಲ್ಲ. ಹೆಸರು ಬರೆದು, ಆ ಹೆಸರಿಗೆ ಐಪಿ ವಿಳಾಸ ತಿಳಿಸುವ ಎ ರೆಕಾರ್ಡ್ ಕೊಡಬೇಕು.

ಫೈರ್‌ವಾಲಿನಲ್ಲಿ 25ನೇ ಪೋರ್ಟನ್ನು ಇಡೀ ಜಗತ್ತಿಗೆ ತೆರೆಯುವ ಅಗತ್ಯ ಬೀಳಲಿಲ್ಲ. ವರದಿ ಕಳುಹಿಸುವವರೆಲ್ಲ ಕಚೇರಿಯದೇ ವಿಳಾಸ ಬಳಸುವವರು. ಅವರ ಮೇಲ್‌ಗಳು ಹೋಸ್ಟಿಂಗ್ ಸಂಸ್ಥೆಯ ಸರ್ವರ್‌ಗಳಿಂದಲೇ ಹೊರಡುತ್ತವೆ. ಆ ಸರ್ವರ್‌ಗಳ ಐಪಿ ವಿಳಾಸಗಳಿಗೆ ಮಾತ್ರ ಬಾಗಿಲು ತೆರೆದರೆ ಸಾಕಾಯಿತು. ಕಸದ ಮೇಲ್‌ಗಳ ಬಹುಪಾಲು ಕಾಟ ಅಲ್ಲಿಗೇ ನಿಂತಿತು. ಕಸದ ಮೇಲ್ ಸೋಸುವ ತಂತ್ರಾಂಶವೇ ಇಲ್ಲದ ಈ ಹಳೆಯ ಎಸ್‌ಎಂಟಿಪಿ ಸರ್ವಿಸನ್ನು ಬಯಲಿಗೆ ಬಿಡುವುದನ್ನು ನಾನಂತೂ ಒಪ್ಪುವುದಿಲ್ಲ.

ಸರ್ವರ್ ಮ್ಯಾನೇಜರ್‌ನಲ್ಲಿ ಎಸ್‌ಎಂಟಿಪಿ ಸರ್ವರ್ ಎಂಬ ಫೀಚರ್ ಸೇರಿಸಿದ ಮೇಲೆ ಐಐಎಸ್ 6.0 ಮ್ಯಾನೇಜರ್‌ನಲ್ಲಿ ಒಂದು ಮುಖ್ಯ ಕೆಲಸ ಉಳಿಯುತ್ತದೆ. ಡೊಮೇನ್‌ಗಳ ಪಟ್ಟಿಯಲ್ಲಿ ಮೊದಲಿಗೆ ಯಂತ್ರದ ಹೆಸರೊಂದೇ ಇರುತ್ತದೆ. ನಮ್ಮ ಉಪಡೊಮೇನನ್ನು ಅಲಿಯಾಸ್ ಡೊಮೇನ್, ಅಂದರೆ ಈ ಯಂತ್ರವೇ ಮೇಲ್ ಸ್ವೀಕರಿಸಬೇಕಾದ ಇನ್ನೊಂದು ಹೆಸರು, ಎಂದು ಅಲ್ಲಿ ಸೇರಿಸದಿದ್ದರೆ, ಆ ವಿಳಾಸಕ್ಕೆ ಬಂದ ಮೇಲನ್ನು ಸರ್ವಿಸ್ ಬೇರೆಯವರ ಮೇಲ್ ಎಂದು ಭಾವಿಸಿ 550 5.7.1 ಎಂಬ ಸಂಖ್ಯೆಯೊಡನೆ ತಿರಸ್ಕರಿಸುತ್ತದೆ. ರಿಲೇ ಮಾಡಲು, ಅಂದರೆ ಬೇರೆಯವರ ಮೇಲನ್ನು ಮುಂದಕ್ಕೆ ದಾಟಿಸಲು, ಸಾಧ್ಯವಿಲ್ಲ ಎಂಬುದು ಅದರ ಅರ್ಥ. ರಿಲೇ ಎಂಬ ಪದ ಕಂಡೊಡನೆ ರಿಲೇ ನಿರ್ಬಂಧಗಳ ಪುಟಕ್ಕೆ ಓಡಿ ಎಲ್ಲರಿಗೂ ಅನುಮತಿ ಕೊಡುವವರಿದ್ದಾರೆ. ಹಾಗೆ ಮಾಡಿದರೆ ತಪ್ಪು ಸಂದೇಶವೇನೋ ಮಾಯವಾಗುತ್ತದೆ. ಆದರೆ ಪೋರ್ಟ್ ತಲುಪಬಲ್ಲ ಯಾರು ಬೇಕಾದರೂ ಯಾರಿಗೆ ಬೇಕಾದರೂ ಮೇಲ್ ಕಳುಹಿಸಲು ನಮ್ಮ ಸರ್ವರನ್ನು ಬಳಸಿಕೊಳ್ಳಬಹುದು. ರಿಲೇ ಪಟ್ಟಿ ಖಾಲಿಯಾಗಿಯೇ ಇರಲಿ. ಬೇಕಿರುವುದು ಅಲಿಯಾಸ್ ಡೊಮೇನ್.

ಶೇರ್‌ಪಾಯಿಂಟ್ ಬದಿಯ ಕೆಲಸ ಚಿಕ್ಕದು. ಸೆಂಟ್ರಲ್ ಅಡ್ಮಿನಿಸ್ಟ್ರೇಶನ್‌ನ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಒಳಬರುವ ಮೇಲನ್ನು ಚಾಲೂ ಮಾಡಬೇಕು, ಡೈರೆಕ್ಟರಿ ಮ್ಯಾನೇಜ್‌ಮೆಂಟ್ ಸರ್ವಿಸನ್ನು ಬೇಡವೆನ್ನಬೇಕು, ಉಪಡೊಮೇನಿನ ಹೆಸರು ಬರೆಯಬೇಕು. ಆ ಡೈರೆಕ್ಟರಿ ಸರ್ವಿಸ್ ಮಾಡುವುದು ಪ್ರತಿ ಲೈಬ್ರರಿಗೂ ಆಕ್ಟಿವ್ ಡೈರೆಕ್ಟರಿಯಲ್ಲಿ ಒಂದು ಸಂಪರ್ಕ ವಿಳಾಸ ಸೃಷ್ಟಿಸುವ ಕೆಲಸ. ಡೈರೆಕ್ಟರಿಯೇ ಇಲ್ಲದ ಕಡೆ ಅದಕ್ಕೇನು ಕೆಲಸ? ಆಮೇಲೆ ಲೈಬ್ರರಿಯ ಸೆಟ್ಟಿಂಗ್ಸ್‌ಗೆ ಹೋಗಿ ಅಲಿಯಾಸ್ ಕೊಡಬೇಕು. ಅಲ್ಲಿ ಒಳಬರುವ ಇ-ಮೇಲ್ ಎಂಬ ಕೊಂಡಿಯೇ ಕಾಣದಿದ್ದರೆ ಒಂದೋ ಮೇಲಿನ ಹಂತ ಆಗಿಲ್ಲ, ಇಲ್ಲವೇ ಆ ಪಟ್ಟಿಯ ಬಗೆಗೆ ಮೇಲ್ ಸೌಲಭ್ಯವೇ ಇಲ್ಲ. ದಾಖಲೆ ಲೈಬ್ರರಿ, ಚಿತ್ರ ಲೈಬ್ರರಿ, ಪ್ರಕಟಣೆ, ಚರ್ಚೆ, ಕ್ಯಾಲೆಂಡರ್ ಇವುಗಳಿಗೆ ಇದೆ. ಕೆಲಸಗಳ ಪಟ್ಟಿಗೆ, ನಾವೇ ರಚಿಸಿಕೊಂಡ ಪಟ್ಟಿಗೆ ಇಲ್ಲ.

ಕೈಯಾರೆ ಒಂದು ಮೇಲ್

ಔಟ್‌ಲುಕ್‌ನಿಂದ ಮೇಲ್ ಕಳುಹಿಸಿ ಕಾಯುತ್ತ ಕೂರುವುದಕ್ಕಿಂತ, ಪೋರ್ಟಿಗೆ ನೇರವಾಗಿ ಸೇರಿ ಆದೇಶಗಳನ್ನು ಕೈಯಾರೆ ಟೈಪ್ ಮಾಡಬಹುದಾದ ಟೆಲ್‌ನೆಟ್ ಎಷ್ಟೋ ವಾಸಿ. 25ನೇ ಪೋರ್ಟಿಗೆ ಸೇರಿದೊಡನೆ 220ರಿಂದ ಶುರುವಾಗುವ ಸ್ವಾಗತದ ಸಾಲು ಕಂಡಿತು. ಹೆಲೊ ಎಂದರೆ 250, ಅಂದರೆ ಸರಿ. ಕಳುಹಿಸುವವರ ವಿಳಾಸ ಕೊಟ್ಟರೆ ಮತ್ತೆ 250. ಪಡೆಯುವವರ ವಿಳಾಸ ಕೊಟ್ಟಾಗಲೂ 250 ಬಂತು. ಅಲಿಯಾಸ್ ಡೊಮೇನ್ ಸರಿಯಾಗಿ ಕುಳಿತಿದೆಯೆಂದು ಖಾತ್ರಿಯಾಗುವುದು ಈ ಸಾಲಿನಲ್ಲೇ. ಡೇಟಾ ಎಂದ ಮೇಲೆ 354. ವಿಷಯ, ಒಂದೆರಡು ಸಾಲು, ಕೊನೆಗೆ ಒಂದು ಸಾಲಿನಲ್ಲಿ ಬರೀ ಚುಕ್ಕೆ. ಮೇಲ್ ಸರದಿಗೆ ಸೇರಿತು ಎಂಬ 250 ಬಂತು.

ಡ್ರಾಪ್ ಫೋಲ್ಡರ್ ತೆರೆದರೆ ಉದ್ದನೆಯ ಹೆಸರಿನ ಒಂದು ಇಎಂಎಲ್ ಕಡತ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡುವಂಥದ್ದು ಅದು. ಎಲ್ಲಕ್ಕೂ ಮೇಲೆ ಎಕ್ಸ್-ಸೆಂಡರ್, ಎಕ್ಸ್-ರಿಸೀವರ್ ಎಂಬ ಎರಡು ಸಾಲುಗಳಿರುತ್ತವೆ. ಮೇಲ್ ಬರೆದವರು ಹಾಕಿದ್ದಲ್ಲ, ಎಸ್‌ಎಂಟಿಪಿ ಸರ್ವಿಸ್ ತಾನೇ ಸೇರಿಸಿದ್ದು. ಮೇಲ್‌ನೊಳಗಿನ ಟು ಸಾಲಿನಲ್ಲಿ ಏನೇ ಬರೆದಿರಲಿ, ಲಕೋಟೆಯ ಮೇಲಿದ್ದ ನಿಜವಾದ ವಿಳಾಸ ಇಲ್ಲಿ ಕಾಣುತ್ತದೆ. ಬಿಸಿಸಿಯಲ್ಲಿ ಲೈಬ್ರರಿಯ ವಿಳಾಸ ಹಾಕಿದಾಗ, ಅಥವಾ ಬೇರೆ ವಿಳಾಸದಿಂದ ಮುಂದಕ್ಕೆ ಕಳುಹಿಸಿದಾಗ, ಮೇಲ್ ಯಾವ ಅಲಿಯಾಸಿಗೆ ಬಂದಿತ್ತೆಂದು ತಿಳಿಯುವುದು ಈ ಸಾಲಿನಿಂದ.

ಅಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಲಗತ್ತು ಇಟ್ಟು ಔಟ್‌ಲುಕ್‌ನಿಂದ ಇನ್ನೊಂದು ಮೇಲ್ ಕಳುಹಿಸಿದಾಗ ಆ ಲಗತ್ತು ಲೈಬ್ರರಿಯಲ್ಲಿ ಕಂಡಿತು. ಕಚೇರಿಯವರು ನಿರಾಳವಾಗಿ ಮನೆಗೆ ಹೋದರು.

ನಿಮಿಷಕ್ಕೊಂದು ಪ್ರತಿ

ಮಾರನೆಯ ಬೆಳಿಗ್ಗೆ ಲೈಬ್ರರಿ ತೆರೆದರೆ ಪುಟದ ಮೇಲೆ ಪುಟ. ಒಂದೇ ವರದಿ, ಹೆಸರಿನ ತುದಿಗೆ ಬೇರೆ ಬೇರೆ ಸಂಖ್ಯೆ ಅಂಟಿಸಿಕೊಂಡು ಸಾಲಾಗಿ ನಿಂತಿತ್ತು. ಕಳುಹಿಸಿದ್ದು ಒಂದೇ ಮೇಲ್.

ಯಾರೋ ಔಟ್‌ಲುಕ್‌ನಲ್ಲಿ ಸೆಂಡ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ್ದಾರೆ ಎಂಬುದು ಮೊದಲ ಅನುಮಾನ. ಹೋಸ್ಟಿಂಗ್ ಸಂಸ್ಥೆಯ ಸರ್ವರ್ ಒಂದೇ ಮೇಲನ್ನು ಪದೇ ಪದೇ ಕಳುಹಿಸುತ್ತಿದೆ ಎಂಬುದು ಎರಡನೆಯದು. ಎಸ್‌ಎಂಟಿಪಿ ಲಾಗ್ ನೋಡಿದಾಗ ಎರಡೂ ಬಿದ್ದುಹೋದವು: ಮೇಲ್ ಬಂದದ್ದು ಒಂದೇ ಸಲ. ಲೈಬ್ರರಿಯಲ್ಲಿ ಕಡತಗಳ ಸಮಯ ನೋಡಿದರೆ ಒಂದಕ್ಕೊಂದು ಸರಿಯಾಗಿ ನಿಮಿಷದ ಅಂತರ. ನಿಮಿಷ ಎಂದೊಡನೆ ಟೈಮರ್ ನೆನಪಾಗಬೇಕು. ಡ್ರಾಪ್ ಫೋಲ್ಡರಿಗೆ ಹೋದರೆ ಹಿಂದಿನ ದಿನದ ಇಎಂಎಲ್ ಕಡತ ಅಲ್ಲೇ ಇತ್ತು.

ಟೈಮರ್ ಆ ಕಡತವನ್ನು ಓದುತ್ತಿತ್ತು, ಲೈಬ್ರರಿಗೆ ಸೇರಿಸುತ್ತಿತ್ತು, ಅಳಿಸಲು ಹೋಗಿ ಸೋಲುತ್ತಿತ್ತು. ಮುಂದಿನ ನಿಮಿಷ ಹೊಸ ಮೇಲ್ ಬಂದಿದೆ ಎಂದುಕೊಂಡು ಮತ್ತೆ ಓದುತ್ತಿತ್ತು. ಯಾವ ಮೇಲನ್ನು ಸೇರಿಸಿಯಾಗಿದೆ ಎಂಬ ಲೆಕ್ಕವನ್ನು ಅದು ಬೇರೆಲ್ಲೂ ಇಟ್ಟುಕೊಳ್ಳುವುದಿಲ್ಲ. ಕಡತ ಡ್ರಾಪ್‌ನಲ್ಲಿದ್ದರೆ ಹೊಸದು, ಇಲ್ಲದಿದ್ದರೆ ಮುಗಿದದ್ದು. ಅಷ್ಟೇ ಅದರ ಜ್ಞಾನ.

ಅಳಿಸಲಾಗದಿರಲು ಕಾರಣ ಹಳೆಯದೊಂದು ನಿರ್ಧಾರ. ಸಾಮಾನ್ಯವಾಗಿ ಡ್ರಾಪ್ ಇರುವುದು ಸಿ ಡ್ರೈವಿನ ಇನೆಟ್‌ಪಬ್ ಒಳಗಿನ ಮೇಲ್‌ರೂಟ್‌ನಲ್ಲಿ. ಸಿ ಡ್ರೈವಿನಲ್ಲಿ ಜಾಗ ಕಡಿಮೆಯೆಂದು ಇಲ್ಲಿ ಅದನ್ನು ಡಿ ಡ್ರೈವಿಗೆ ಸಾಗಿಸಿ, ಶೇರ್‌ಪಾಯಿಂಟ್‌ನಲ್ಲಿ ಅಡ್ವಾನ್ಸ್ಡ್ ವಿಧಾನ ಆರಿಸಿ ಹೊಸ ದಾರಿ ಕೊಟ್ಟಿದ್ದರು. ನಿರ್ಧಾರ ತಪ್ಪಲ್ಲ. ಆದರೆ ಹೊಸದಾಗಿ ಸೃಷ್ಟಿಸಿದ ಆ ಫೋಲ್ಡರಿಗೆ ಡಿ ಡ್ರೈವಿನ ಸಾಮಾನ್ಯ ಅನುಮತಿಗಳೇ ಇಳಿದು ಬಂದಿದ್ದವು: ಬಳಕೆದಾರರ ಗುಂಪಿಗೆ ಓದುವ ಹಕ್ಕುಂಟು, ಬೇರೆಯವರು ಇಟ್ಟ ಕಡತ ಅಳಿಸುವ ಹಕ್ಕಿಲ್ಲ. ಸರ್ವಿಸ್‌ಗಳ ಪಟ್ಟಿ ತೆರೆದು ನೋಡಿದಾಗ ಟೈಮರ್ ಸರ್ವಿಸ್ ನೆಟ್‌ವರ್ಕ್ ಸರ್ವಿಸ್ ಎಂಬ ಖಾತೆಯಡಿ ಓಡುತ್ತಿತ್ತು. ಅದಕ್ಕೂ ಸಿಕ್ಕಿದ್ದು ಅಷ್ಟೇ ಹಕ್ಕು. ಓದುವ ಹಕ್ಕೂ ಇಲ್ಲದಿದ್ದರೆ ಒಂದು ಪ್ರತಿಯೂ ಬರುತ್ತಿರಲಿಲ್ಲ, ಮೊದಲ ದಿನವೇ ಗೊತ್ತಾಗುತ್ತಿತ್ತು. ಅರ್ಧ ಹಕ್ಕು ಇದ್ದದ್ದರಿಂದಲೇ ಪರೀಕ್ಷೆ ಗೆದ್ದಂತೆ ಕಂಡಿತು.

ಟೈಮರ್ ಖಾತೆಗೆ ಡ್ರಾಪ್ ಫೋಲ್ಡರಿನ ಮೇಲೆ ಮಾಡಿಫೈ (ಬದಲಿಸುವ, ಅಳಿಸುವ) ಹಕ್ಕು ಇರಬೇಕು, ಇಲ್ಲದಿದ್ದರೆ ಒಂದೇ ಮೇಲ್‌ಗೆ ಹಲವು ಪ್ರತಿಗಳು ಹುಟ್ಟುತ್ತವೆ ಎಂದು ಮೈಕ್ರೋಸಾಫ್ಟ್‌ನ ದಾಖಲೆಗಳು ಸ್ಪಷ್ಟವಾಗಿ ಹೇಳುತ್ತವೆ. ಆದರೆ ಅದೊಂದು ಸಣ್ಣ ಟಿಪ್ಪಣಿ. ಕಣ್ಣು ತಪ್ಪಿ ಹೋಗುವಂಥದ್ದು.

ಇದು ಬರೀ ಕಸದ ಪ್ರಶ್ನೆಯಾಗಿರಲಿಲ್ಲ. ಲಗತ್ತು ಒಂದೂವರೆ ಎಂಬಿ ಇತ್ತೆನ್ನಿ. ನಿಮಿಷಕ್ಕೊಂದರಂತೆ ಗಂಟೆಗೆ 60 ಪ್ರತಿ, 90 ಎಂಬಿ. 4 ಜಿಬಿ ಮಿತಿಯ ದತ್ತಸಂಚಯ ಖಾಲಿಯಿದ್ದರೂ ಎರಡು ದಿನದೊಳಗೆ ತುಂಬಿಹೋಗುತ್ತದೆ. ತುಂಬಿದ ಮೇಲೆ ನಿಲ್ಲುವುದು ಮೇಲ್ ಒಂದೇ ಅಲ್ಲ. ಆ ತಾಣದಲ್ಲಿ ಯಾರೂ ಏನನ್ನೂ ಉಳಿಸುವಂತಿಲ್ಲ. ಶುಕ್ರವಾರ ಸಂಜೆ ಇದನ್ನು ಚಾಲೂ ಮಾಡಿ ಹೋಗಿದ್ದರೆ ಸೋಮವಾರದ ಹೊತ್ತಿಗೆ ಸರ್ವರ್ ಕೈಕಟ್ಟಿ ಕುಳಿತಿರುತ್ತಿತ್ತು.

ಮೊದಲು ಆ ಕಡತವನ್ನು ಡ್ರಾಪ್‌ನಿಂದ ಹೊರಗೆ ಸರಿಸಲಾಯಿತು. ಪ್ರತಿಗಳು ಆ ಕ್ಷಣವೇ ನಿಂತವು. ಟೈಮರ್ ಸರ್ವಿಸನ್ನೇ ನಿಲ್ಲಿಸುವ ಸಲಹೆಯೂ ಬಂದಿತ್ತು. ಬೇಡವೆಂದೆ. ಎಚ್ಚರಿಕೆ ಮೇಲ್‌ಗಳಿಂದ ಹಿಡಿದು ಶೇರ್‌ಪಾಯಿಂಟ್‌ನ ಹಿನ್ನೆಲೆ ಕೆಲಸಗಳೆಲ್ಲ ಅದರ ಮೇಲೇ ನಿಂತಿವೆ. ಆಮೇಲೆ ನೆಟ್‌ವರ್ಕ್ ಸರ್ವಿಸ್ ಖಾತೆಗೆ ಡ್ರಾಪ್ ಫೋಲ್ಡರಿನ ಮೇಲೆ ಮಾಡಿಫೈ ಹಕ್ಕು ಕೊಟ್ಟದ್ದಾಯಿತು. ಎವ್ರಿಒನ್ ಗುಂಪಿಗೆ ಪೂರ್ಣ ಹಕ್ಕು ಕೊಟ್ಟರೆ ಗಲಾಟೆಯೇ ಇಲ್ಲ ಎನ್ನುವವರ ಮಾತು ಕೇಳಬಾರದು. ಡ್ರಾಪ್‌ನಲ್ಲಿ ಕಡತ ಇಡಬಲ್ಲವರು ಯಾರ ಹೆಸರಿನಲ್ಲಿ ಬೇಕಾದರೂ ಲೈಬ್ರರಿಗೆ ದಾಖಲೆ ಸೇರಿಸಬಲ್ಲರು.

ಪ್ರತಿಗಳನ್ನು ಲೈಬ್ರರಿಯಿಂದ ಅಳಿಸಿದ್ದಷ್ಟಕ್ಕೆ ಜಾಗ ಮರಳಲಿಲ್ಲ. ಅವು ಬಳಕೆದಾರರ ರಿಸೈಕಲ್ ಬಿನ್‌ಗೆ ಹೋದವು, ಅಲ್ಲಿಂದ ತೆಗೆದರೆ ತಾಣದ ಆಡಳಿತಗಾರರ ಎರಡನೇ ಹಂತದ ಬಿನ್‌ಗೆ. ಅಲ್ಲೂ ಖಾಲಿ ಮಾಡುವವರೆಗೆ ದತ್ತಸಂಚಯದಲ್ಲೇ ಇರುತ್ತವೆ.

ಸದ್ದಿಲ್ಲದೆ ಮಾಯವಾಗುವ ಮೇಲ್‌ಗಳು

ಈಗ ತಪಾಸಣಾ ಸಿಬ್ಬಂದಿಯನ್ನು ಸೇರಿಸಿಕೊಳ್ಳಲಾಯಿತು. ಗುಮಾಸ್ತೆ ಕಳುಹಿಸಿದ್ದು ತಲುಪುತ್ತಿತ್ತು, ಆಡಳಿತಗಾರರು ಕಳುಹಿಸಿದ್ದೂ ತಲುಪುತ್ತಿತ್ತು. ಸಿಬ್ಬಂದಿಯ ಮೇಲ್‌ಗಳು ಮಾತ್ರ ಬರುತ್ತಿರಲಿಲ್ಲ. ಕಡತ ಎಲ್ಲಿದೆ ಎಂದು ಕೇಳಿದರೆ ಉತ್ತರ: ಎಲ್ಲೂ ಇಲ್ಲ. ಡ್ರಾಪ್ ಖಾಲಿ. ತಲುಪಿಸಲಾಗದ ಮೇಲ್‌ಗಳು ಬೀಳುವ ಬ್ಯಾಡ್‌ಮೇಲ್ ಫೋಲ್ಡರ್ ಖಾಲಿ. ಲೈಬ್ರರಿಯಲ್ಲಿ ಇಲ್ಲ. ಕಳುಹಿಸಿದವರಿಗೆ ಬೌನ್ಸ್, ಅಂದರೆ ತಲುಪಲಿಲ್ಲವೆಂಬ ಮರುಮೇಲ್, ಬಂದಿಲ್ಲ. ಎಸ್‌ಎಂಟಿಪಿ ಲಾಗಿನಲ್ಲಿ ಮೇಲ್ ಬಂದು ಸ್ವೀಕೃತವಾದ ದಾಖಲೆ ಇದೆ.

ಡ್ರಾಪ್‌ನಿಂದ ಕಡತ ಹೋಗಿದೆ ಎಂದರೆ ಟೈಮರ್ ಎತ್ತಿಕೊಂಡಿದೆ. ಎತ್ತಿಕೊಂಡು ಬಿಸಾಡಿದೆ. ಏಕೆಂಬುದನ್ನು ಟೈಮರ್‌ನ ಲಾಗಿನಲ್ಲಿ ಹುಡುಕಬೇಕು. ಶೇರ್‌ಪಾಯಿಂಟ್‌ನ ಯುಎಲ್‌ಎಸ್ ಲಾಗ್‌ಗಳಲ್ಲಿ ಇ-ಮೇಲ್ ವಿಭಾಗದ ವಿವರವನ್ನು ಪರೀಕ್ಷೆಯ ಹೊತ್ತಿಗೆ ಮಾತ್ರ ಹೆಚ್ಚಿಸಿದಾಗ, ಕಳುಹಿಸಿದ ವಿಳಾಸಕ್ಕೆ ಹೊಂದುವ ಬಳಕೆದಾರ ಸಿಗಲಿಲ್ಲ ಎಂಬರ್ಥದ ಸಾಲು ಕಂಡಿತು.

ಲೈಬ್ರರಿಯ ಮೇಲ್ ಸೆಟ್ಟಿಂಗ್ಸ್‌ನಲ್ಲಿ ಎರಡು ಆಯ್ಕೆಗಳಿವೆ: ಲೈಬ್ರರಿಯ ಅನುಮತಿಗೆ ತಕ್ಕಂತೆ ಮೇಲ್ ಸ್ವೀಕರಿಸುವುದು, ಅಥವಾ ಯಾರಿಂದ ಬಂದರೂ ಸ್ವೀಕರಿಸುವುದು. ಇಲ್ಲಿದ್ದುದು ಮೊದಲನೆಯದು. ಹಾಗಿದ್ದಾಗ ಶೇರ್‌ಪಾಯಿಂಟ್ ಮೇಲ್‌ನ ಫ್ರಮ್ ವಿಳಾಸವನ್ನು ತಾಣದ ಬಳಕೆದಾರರ ವಿಳಾಸಗಳ ಜೊತೆ ಹೋಲಿಸಿ, ಆ ವ್ಯಕ್ತಿಗೆ ಲೈಬ್ರರಿಯಲ್ಲಿ ಬರೆಯುವ ಹಕ್ಕಿದೆಯೇ ನೋಡುತ್ತದೆ. ಆಕ್ಟಿವ್ ಡೈರೆಕ್ಟರಿ ಇದ್ದರೆ ಬಳಕೆದಾರರನ್ನು ಸೇರಿಸುವಾಗಲೇ ಅವರ ಇ-ಮೇಲ್ ವಿಳಾಸವೂ ಜೊತೆಗೆ ಬರುತ್ತದೆ. ಸ್ಥಳೀಯ ಖಾತೆಗೆ ಇ-ಮೇಲ್ ಎಂಬ ಗುಣವೇ ಇಲ್ಲ. ಸಿಬ್ಬಂದಿಗೆ ಲೈಬ್ರರಿಯಲ್ಲಿ ಬರೆಯುವ ಹಕ್ಕಿತ್ತು. ಬ್ರೌಸರಿನಲ್ಲಿ ಲಾಗಿನ್ ಆಗಿ ಕಡತ ಏರಿಸಲು ಏನೂ ಅಡ್ಡಿಯಿರಲಿಲ್ಲ. ಆದರೆ ತಾಣದ ಬಳಕೆದಾರರ ಪಟ್ಟಿಯಲ್ಲಿ ಅವರ ಇ-ಮೇಲ್ ಅಂಕಣ ಖಾಲಿ. ಗುಮಾಸ್ತೆ ಮತ್ತು ಆಡಳಿತಗಾರರು ಎಚ್ಚರಿಕೆ ಮೇಲ್ ಪಡೆಯಲೆಂದು ಹಿಂದೆಯೇ ತಮ್ಮ ವಿಳಾಸ ತುಂಬಿಕೊಂಡಿದ್ದರು. ಅವರ ಪರೀಕ್ಷೆಗಳು ಪ್ರತಿ ಸಲ ಗೆದ್ದದ್ದು ಹಾಗೆ. ಯಾವುದೇ ವ್ಯವಸ್ಥೆಯನ್ನು ಆಡಳಿತಗಾರರ ಖಾತೆಯಿಂದ ಮಾತ್ರ ಪರೀಕ್ಷಿಸುವುದು ಎಷ್ಟು ನಿರರ್ಥಕ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನಾನು ಕಂಡಿಲ್ಲ.

ಯಾರಿಂದ ಬಂದರೂ ಸ್ವೀಕರಿಸು ಎಂಬ ಆಯ್ಕೆಗೆ ಬದಲಿಸಿದರೆ ಅರೆಕ್ಷಣದಲ್ಲಿ ಎಲ್ಲ ಸರಿಹೋಗುತ್ತಿತ್ತು. ಕಚೇರಿಯಲ್ಲಿ ಅದರ ಪರವಾಗಿ ಒಂದು ವಾದವೂ ಇತ್ತು: ಫ್ರಮ್ ವಿಳಾಸವನ್ನು ಯಾರು ಬೇಕಾದರೂ ಸುಳ್ಳು ಬರೆಯಬಹುದು, ಶೇರ್‌ಪಾಯಿಂಟ್ ಅದನ್ನು ಪರೀಕ್ಷಿಸುವುದಿಲ್ಲ, ಮೊದಲ ಆಯ್ಕೆಯಿಂದ ಸಿಗುವ ರಕ್ಷಣೆ ಬರೀ ತೋರಿಕೆಯದು. ಮಾತು ನಿಜವೇ. ಆದರೂ ಮೊದಲ ಆಯ್ಕೆಯನ್ನೇ ಉಳಿಸಿಕೊಳ್ಳಲಾಯಿತು. ನಿಜವಾದ ತಡೆ ಫೈರ್‌ವಾಲಿನಲ್ಲಿತ್ತು. ಇಲ್ಲಿನ ಆಯ್ಕೆಯ ಲಾಭ ಬೇರೆ. ಕಚೇರಿ ಬಿಟ್ಟುಹೋದವರ ಹಕ್ಕು ತೆಗೆದರೆ ಅವರ ಮೇಲ್ ದಾರಿಯೂ ಅದರ ಜೊತೆಗೇ ಮುಚ್ಚುತ್ತದೆ. ಆಡಳಿತಗಾರರು ಪ್ರತಿ ಬಳಕೆದಾರರ ಮಾಹಿತಿ ತೆರೆದು ಇ-ಮೇಲ್ ವಿಳಾಸ ತುಂಬಿದರು. ಬೇಸರದ ಕೆಲಸ, ಒಂದೇ ಸಲದ್ದು.

ಅದಾದ ಮೇಲೂ ಒಬ್ಬ ಸಿಬ್ಬಂದಿಯ ವರದಿಗಳು ಬರಲಿಲ್ಲ. ವಿಳಾಸ ಸರಿ, ಹಕ್ಕು ಸರಿ, ಲಾಗಿನಲ್ಲಿ ದೂರಿಲ್ಲ. ಅವರು ವರದಿಯನ್ನು ಲಗತ್ತಾಗಿ ಇಡದೆ ಮೇಲ್‌ನ ಒಡಲಲ್ಲೇ ಬರೆಯುತ್ತಿದ್ದರು. ದಾಖಲೆ ಲೈಬ್ರರಿ ಉಳಿಸಿಕೊಳ್ಳುವುದು ಲಗತ್ತುಗಳನ್ನು. ಮೂಲ ಮೇಲನ್ನು ಉಳಿಸಬೇಕೇ ಎಂಬ ಪ್ರಶ್ನೆಗೆ ಬೇಡ ಎಂದಿದ್ದರೆ, ಲಗತ್ತಿಲ್ಲದ ಮೇಲ್ ಯಶಸ್ವಿಯಾಗಿ ಸ್ವೀಕೃತವಾಗಿ, ಉಳಿಸಲು ಏನೂ ಇಲ್ಲವೆಂದು ಕರಗಿಹೋಗುತ್ತದೆ. ಶೇರ್‌ಪಾಯಿಂಟ್‌ನ ಕಣ್ಣಿಗೆ ಇದು ತಪ್ಪೇ ಅಲ್ಲ, ಆದ್ದರಿಂದ ದೂರೂ ಇಲ್ಲ. ಮೂಲ ಮೇಲ್ ಉಳಿಸು ಎಂದು ಬದಲಿಸಿದ ಮೇಲೆ ಅವರ ವರದಿಗಳು ಇಎಂಎಲ್ ಕಡತಗಳಾಗಿ ಕಾಣಿಸಿಕೊಂಡವು.

ಅದೇ ಪುಟದಲ್ಲಿ ಲಗತ್ತುಗಳನ್ನು ವಿಷಯದ ಪ್ರಕಾರ ಫೋಲ್ಡರ್ ಮಾಡಬೇಕೋ, ಕಳುಹಿಸಿದವರ ಪ್ರಕಾರವೋ ಎಂಬ ಆಯ್ಕೆ ಇದೆ. ಕಳುಹಿಸಿದವರ ಪ್ರಕಾರವೇ ವಾಸಿ. ವಿಷಯದ ಸಾಲನ್ನು ಪ್ರತಿ ಸಲ ಒಂದೇ ರೀತಿ ಬರೆಯುವ ಮನುಷ್ಯರನ್ನು ನಂಬಿ ಫೋಲ್ಡರ್ ರಚನೆ ಮಾಡಬಾರದು.

ಉಳಿದ ತೊಡಕುಗಳು

ಸ್ಕ್ಯಾನ್ ಮಾಡಿದ ವರದಿಗಳು ದೊಡ್ಡವಾದಂತೆ ಬೌನ್ಸ್ ಬರತೊಡಗಿದವು. ಎಸ್‌ಎಂಟಿಪಿ ಸರ್ವಿಸ್ ಮೂಲತಃ 2048 ಕೆಬಿ ಮೀರಿದ ಮೇಲನ್ನು ಒಪ್ಪುವುದಿಲ್ಲ; ಒಂದು ಸೆಶನ್‌ಗೆ 10240 ಕೆಬಿ ಮಿತಿ. ಲಗತ್ತು ಮೇಲ್‌ನೊಳಗೆ ಪಠ್ಯರೂಪಕ್ಕೆ ಬದಲಾಗುವಾಗ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ. ಹಾಗಾಗಿ ಹೆಸರಿಗೆ 2 ಎಂಬಿ, ವಾಸ್ತವದಲ್ಲಿ ಒಂದೂವರೆ ಎಂಬಿ ಮೀರಿದ ಕಡತಕ್ಕೇ ಬಾಗಿಲು ಮುಚ್ಚುತ್ತದೆ. ಎರಡೂ ಮಿತಿಗಳನ್ನು ಏರಿಸಲಾಯಿತು, ಆದರೆ ಶೇರ್‌ಪಾಯಿಂಟ್ 2010ರ ಸಾಮಾನ್ಯ ಮಿತಿಯಾದ 50 ಎಂಬಿಗಿಂತ ಸಾಕಷ್ಟು ಕೆಳಗೇ ಇಡಲಾಯಿತು. ಎಸ್‌ಎಂಟಿಪಿ ಹಂತದಲ್ಲಿ ತಿರಸ್ಕೃತವಾದರೆ ಕಳುಹಿಸಿದವರಿಗೆ ಬೌನ್ಸ್ ಹೋಗುತ್ತದೆ. ಡ್ರಾಪ್ ದಾಟಿದ ಮೇಲೆ ಬಿದ್ದರೆ ಯಾರಿಗೂ ಸುದ್ದಿಯಿಲ್ಲ. ಆದ್ದರಿಂದ ತಡೆಯುವುದಾದರೆ ಮೊದಲ ಬಾಗಿಲಲ್ಲೇ ತಡೆಯಬೇಕು.

ವಿಂಡೋಸ್ ಅಪ್‌ಡೇಟ್ ಆಗಿ ಯಂತ್ರ ಮರುಪ್ರಾರಂಭವಾದ ನಂತರ ಮೇಲ್‌ಗಳು ನಿಂತುಹೋದವು. ಎಸ್‌ಎಂಟಿಪಿ ಸರ್ವಿಸ್ ಸ್ಥಾಪನೆಯಾದಾಗ ಅದರ ಆರಂಭದ ವಿಧ ಮ್ಯಾನ್ಯುಯಲ್ ಆಗಿರುತ್ತದೆ. ಆಟೊಮ್ಯಾಟಿಕ್ ಎಂದು ಬದಲಿಸಬೇಕು. ಹೋಸ್ಟಿಂಗ್ ಸಂಸ್ಥೆಯ ಸರ್ವರ್ ಮೇಲ್‌ಗಳನ್ನು ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದುದರಿಂದ ಸರ್ವಿಸ್ ಚಾಲೂ ಆದ ಮೇಲೆ ಎಲ್ಲವೂ ಬಂದವು, ಒಂದೂ ಕಳೆದುಹೋಗಲಿಲ್ಲ.

ಔಟ್‌ಲುಕ್‌ನ ರಿಚ್ ಟೆಕ್ಸ್ಟ್ ರೂಪದಲ್ಲಿ ಬರೆದ ಮೇಲ್‌ಗಳು ವಿನ್‌ಮೇಲ್ ಡ್ಯಾಟ್ ಎಂಬ ಒಂದೇ ಕಡತವಾಗಿ ಬಂದು ಬೀಳುತ್ತಿದ್ದವು. ಕಳುಹಿಸುವವರ ಔಟ್‌ಲುಕ್‌ನಲ್ಲಿ ಎಚ್‌ಟಿಎಂಎಲ್ ರೂಪಕ್ಕೆ ಬದಲಿಸುವುದೇ ಮದ್ದು.

ಅಲಿಯಾಸಿನ ಅಕ್ಷರ ತಪ್ಪಿ ಬರೆದವರ ಕಥೆ ಇನ್ನೂ ನವಿರಾದದ್ದು. ಎಸ್‌ಎಂಟಿಪಿ ಸರ್ವಿಸಿಗೆ ಡೊಮೇನ್ ಸರಿಯಿದ್ದರೆ ಸಾಕು, ಎಡಭಾಗದಲ್ಲಿ ಏನಿದ್ದರೂ ಸ್ವೀಕರಿಸುತ್ತದೆ. ಟೈಮರ್ ಅದನ್ನು ಓದಿ, ಅಂಥ ಅಲಿಯಾಸ್ ಇಲ್ಲವೆಂದು ವಿಂಡೋಸ್‌ನ ಈವೆಂಟ್ ಲಾಗಿನಲ್ಲಿ ಬರೆದು, ಕಡತವನ್ನು ಅಳಿಸುತ್ತದೆ. ಕಳುಹಿಸಿದವರು ತಲುಪಿದೆ ಎಂದೇ ತಿಳಿದಿರುತ್ತಾರೆ. ಇದಕ್ಕೆ ಶೇರ್‌ಪಾಯಿಂಟ್‌ನೊಳಗೆ ಪರಿಹಾರವಿಲ್ಲ. ಲೈಬ್ರರಿಯ ವಿಳಾಸವನ್ನು ಎಲ್ಲರ ವಿಳಾಸಪುಸ್ತಕದಲ್ಲೂ ಸೇರಿಸಿ, ವಾರಕ್ಕೊಮ್ಮೆ ಈವೆಂಟ್ ಲಾಗಿನಲ್ಲಿ ಅಪರಿಚಿತ ಅಲಿಯಾಸ್‌ಗಳನ್ನು ನೋಡುವ ಕೆಲಸವನ್ನು ಆಡಳಿತಗಾರರಿಗೆ ವಹಿಸಲಾಯಿತು. ಮುಂದೆಂದಾದರೂ ದತ್ತಸಂಚಯವನ್ನು ಬೇರೆ ಸರ್ವರಿಗೆ ಸಾಗಿಸಿದರೆ ಸರಿಯಾದ ಅಲಿಯಾಸ್‌ಗಳೂ ಅಪರಿಚಿತವಾಗಬಹುದು. ಅಲಿಯಾಸ್‌ಗಳ ಪಟ್ಟಿ ಇರುವುದು ಕಾನ್ಫಿಗರೇಶನ್ ದತ್ತಸಂಚಯದಲ್ಲಿ. ದಾಖಲೆಗಳಿರುವ ದತ್ತಸಂಚಯದ ಜೊತೆ ಅದು ಬರುವುದಿಲ್ಲ. ಹೊಸ ಜಾಗದಲ್ಲಿ ಪ್ರತಿ ಲೈಬ್ರರಿಯ ಮೇಲ್ ಸೌಲಭ್ಯವನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕಾಗುತ್ತದೆ. ಸಾಗಿಸುವುದೇ ಆದರೆ ಇನ್ನೂ ಒಂದು ಮಾತು: ಶೇರ್‌ಪಾಯಿಂಟ್ 2016ರಿಂದ ಸ್ಟ್ಯಾಂಡ್‌ಅಲೋನ್ ಸ್ಥಾಪನೆಯೇ ಇಲ್ಲ, ವಿಂಡೋಸ್ ಸರ್ವರ್ 2025ರಲ್ಲಿ ಎಸ್‌ಎಂಟಿಪಿ ಸರ್ವರ್ ಫೀಚರನ್ನೇ ಕಿತ್ತುಹಾಕಲಾಗಿದೆ.

ಬಗೆಹರಿಯದೆ ಉಳಿದದ್ದು ಒಂದೇ. ಸಿಬ್ಬಂದಿಯ ಸಹಿಯ ಕೆಳಗೆ ಕಚೇರಿಯ ಲಾಂಛನವಿರುತ್ತದೆ. ಮೇಲ್‌ನ ಲೆಕ್ಕದಲ್ಲಿ ಅದೂ ಒಂದು ಲಗತ್ತು. ಹೀಗಾಗಿ ಪ್ರತಿ ವರದಿಯ ಜೊತೆ ಇಮೇಜ್001 ಎಂಬ ಪುಟ್ಟ ಚಿತ್ರವೂ ಲೈಬ್ರರಿಗೆ ಸೇರುತ್ತಿತ್ತು, ಪ್ರತಿ ಸಲ ಹೊಸ ಸಂಖ್ಯೆಯೊಡನೆ. ಇಂಥವನ್ನು ಬಿಟ್ಟುಬಿಡು ಎನ್ನುವ ಆಯ್ಕೆ ಆ ಸೆಟ್ಟಿಂಗ್ಸ್ ಪುಟದಲ್ಲಿ ಇಲ್ಲ. ಇಮೇಜ್ ಎಂದು ಶುರುವಾಗುವ ಹೆಸರುಗಳನ್ನು ಮರೆಮಾಡುವ ಒಂದು ವ್ಯೂ ಮಾಡಿಕೊಟ್ಟೆ. ಕಡತಗಳು ಹಿಂದೆ ಇದ್ದೇ ಇರುತ್ತವೆ, 4 ಜಿಬಿಯಲ್ಲಿ ತಮ್ಮ ಪಾಲು ತಿನ್ನುತ್ತವೆ. ಲೈಬ್ರರಿಗೆ ಕಳುಹಿಸುವ ಮೇಲ್‌ಗಳಲ್ಲಿ ಲಾಂಛನ ಬೇಡವೆಂದು ಆಡಳಿತಗಾರರು ಸುತ್ತೋಲೆ ಹೊರಡಿಸಿದರು. ಸುತ್ತೋಲೆಯ ಒಂದು ಪ್ರತಿಯನ್ನು ಲೈಬ್ರರಿಗೂ ಮೇಲ್ ಮಾಡಿದ್ದರು, ಲಾಂಛನ ಸಮೇತ.